ತೊಡೆಯ ಮೇಲಿನ ತಾಳ

ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಕಳೆದ ಭಾನುವಾರ ಬೆಳಿಗ್ಗೆ ಶುರುವಾದ ವಾದ ರಾತ್ರಿ ಹತ್ತಾದರೂ ಮುಗಿದಿರಲಿಲ್ಲ. ಮಕ್ಕಳನ್ನು ನಾಟಕ ಓದಲು ಕಳುಹಿಸಬೇಕೇ, ಕಳುಹಿಸಿದರೆ ಯಾವ ಪದವಿಗೆ ಎಂದು ತಲೆ ಕೆಡಿಸಿಕೊಂಡಿರುವ ಮನೆಗಳು ಬೆಂಗಳೂರಿನಲ್ಲಿ ಇನ್ನೂ ಇರಬಹುದು. ಆದ್ದರಿಂದ ಅಣ್ಣನ ಮಗಳ ಒಪ್ಪಿಗೆ ಪಡೆದು ಇಲ್ಲಿ ಹಾಕುತ್ತಿದ್ದೇನೆ. ನಾವೆಲ್ಲ ಅವಳನ್ನು ಪುಟ್ಟಿ ಎನ್ನುತ್ತೇವೆ. ದ್ವಿತೀಯ ಪಿಯುಸಿ ಓದುತ್ತಿದ್ದಾಳೆ. ಮಧ್ಯದಲ್ಲಿ ಬಂದ ಹಬ್ಬದ ಚಿತ್ರಗಳನ್ನು, ಊಟವಾಯಿತೇ ಎಂಬ ಮಾತುಗಳನ್ನು ಬಿಟ್ಟಿದ್ದೇನೆ.

ಅಣ್ಣ: ಎರಡು ವಿಡಿಯೊ ಹಾಕಿದ್ದೇನೆ. ಒಂದು ಹಾಡು, ಒಂದು ಸ್ವಗತ. ಎಲ್ಲರೂ ನೋಡಿ. ಪುಟ್ಟಿ ಅಮೆರಿಕದ ಐದು ಕಾಲೇಜುಗಳಿಗೆ ಅರ್ಜಿ ಹಾಕುತ್ತಿದ್ದಾಳೆ. ಆಡಿಷನ್‌ಗೆ ಕರೆಯುವ ಮೊದಲು ಅವರು ವಿಡಿಯೊ ನೋಡಿ ಜರಡಿ ಹಿಡಿಯುತ್ತಾರೆ. ನವೆಂಬರ್ ಮೊದಲ ವಾರದೊಳಗೆ ಕಳುಹಿಸಬೇಕು. ಅರ್ಜಿಯಲ್ಲಿ ನಟನೆಗೆ ಒಂದು ಪದವಿ, ಹಾಡು-ಕುಣಿತದ ನಾಟಕಕ್ಕೆ, ಅಂದರೆ ಮ್ಯೂಸಿಕಲ್ ಥಿಯೇಟರ್‌ಗೆ ಇನ್ನೊಂದು ಪದವಿ. ಯಾವುದರ ಮುಂದೆ ಗುರುತು ಹಾಕಬೇಕೆಂದು ಒಂದು ವಾರದಿಂದ ಮನೆಯಲ್ಲಿ ಯಾರಿಗೂ ಸರಿಯಾಗಿ ಊಟ ಸೇರುತ್ತಿಲ್ಲ.

ತಂಗಿ: ಹಾಡನ್ನು ಮೂರು ಸಲ ಕೇಳಿದೆ. ಇಂಗ್ಲಿಷ್ ಹಾಡಾದರೂ ಶ್ರುತಿ ಕೂದಲೆಳೆಯಷ್ಟೂ ಅಲುಗಿಲ್ಲ. ಏಳನೆಯ ವಯಸ್ಸಿನಿಂದ ಮಲ್ಲೇಶ್ವರದ ನನ್ನ ಮನೆಯ ಚಾಪೆಯ ಮೇಲೆ ಕುಳಿತು ಸಂಗೀತ ಪಾಠದ ಸರಳೆ, ಜಂಟಿ, ಅಲಂಕಾರ ಎಂದು ವರ್ಣದವರೆಗೆ ಬಂದ ಕಂಠ ಅದು. ಅದನ್ನು ಪಕ್ಕಕ್ಕಿಟ್ಟು ಬರಿಯ ಮಾತಿನ ಪದವಿಗೆ ಸೇರಿಸಿದರೆ ನನಗೆ ಹೊಟ್ಟೆ ಉರಿಯುತ್ತದೆ. ಮ್ಯೂಸಿಕಲ್ ಥಿಯೇಟರ್ ಎಂದೇ ಹಾಕಿ.

ತಮ್ಮ (ನ್ಯೂಜೆರ್ಸಿ): ನಾನೂ ಅದನ್ನೇ ಹೇಳುತ್ತೇನೆ. ಹಾಡು, ಕುಣಿತ, ನಟನೆ ಮೂರೂ ಕಲಿತವಳು ಮಾತಿನ ನಾಟಕಕ್ಕೂ ಹೋಗಬಹುದು. ಬರಿಯ ನಟನೆ ಓದಿದವಳಿಗೆ ಆ ಬಾಗಿಲು ಅರ್ಧ ಮುಚ್ಚಿರುತ್ತದೆ. ನ್ಯೂಯಾರ್ಕಿನ ಬ್ರಾಡ್‌ವೇ ರಂಗಮಂದಿರಗಳಲ್ಲಿ ಓಡುವುದರಲ್ಲಿ ಹೆಚ್ಚಿನವು ಸಂಗೀತದ ನಾಟಕಗಳೇ. ವಾರಕ್ಕೆ ಎಂಟು ಪ್ರದರ್ಶನ. ಕೆಲಸ ಇರುವ ಕಡೆ ಓದಲಿ.

ದೊಡ್ಡಣ್ಣ: ಎರಡೂ ಬೇಡ ಎನ್ನುವವನು ನಾನೊಬ್ಬನೇ ಎಂದು ಕಾಣುತ್ತದೆ. ಇಲ್ಲಿಯೇ ಒಂದು ಪದವಿ ಮಾಡಲಿ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಸೇರಬೇಕಾದರೂ ಮೊದಲು ಪದವಿ ಆಗಿರಲೇಬೇಕು. ಅಲ್ಲಿ ವಿದ್ಯಾರ್ಥಿವೇತನ ಕೊಟ್ಟು ಮೂರು ವರ್ಷ ಕಲಿಸುತ್ತಾರೆ. ಮನೆ ಅಡವಿಟ್ಟು ಹದಿನೇಳರ ಹುಡುಗಿಯನ್ನು ಸಮುದ್ರದಾಚೆ ಕಳುಹಿಸುವ ತುರ್ತು ಏನಿದೆ?

ಅಣ್ಣ: ಮನೆ ಅಡವಿಡುವುದಿಲ್ಲ. ವಿದ್ಯಾರ್ಥಿವೇತನ ಸಿಕ್ಕರೆ ಮಾತ್ರ ಕಳುಹಿಸುತ್ತೇನೆ. ಅದು ಅವಳಿಗೂ ಗೊತ್ತು. ಈಗಿನ ಪ್ರಶ್ನೆ ಎರಡು ಪದವಿಗಳದ್ದು.

ನಾನು: ಎರಡು ವಿಡಿಯೊಗಳನ್ನೂ ಮೊಬೈಲ್ ಬಿಟ್ಟು ದೊಡ್ಡ ಪರದೆಯ ಮೇಲೆ ನೋಡಿದೆ. ನೀವೂ ಹಾಗೆ ನೋಡಿ. ಹಾಡಿನಲ್ಲಿ ಅವಳ ಮುಖವನ್ನು ಬಿಟ್ಟು ಬಲಗೈಯನ್ನು ಗಮನಿಸಿ. ಮೊದಲ ಸಾಲಿನಿಂದ ಕೊನೆಯವರೆಗೆ ಬೆರಳುಗಳು ತೊಡೆಯ ಮೇಲೆ ತಾಳ ಹಾಕುತ್ತಿವೆ. ಆ ಹಾಡಿನ ಹುಡುಗಿ ಮನೆ ಬಿಟ್ಟು ಹೊರಟಿದ್ದಾಳೆ, ಬಾಗಿಲಲ್ಲಿ ನಿಂತಿದ್ದಾಳೆ. ಕೈ ಮಾತ್ರ ಮಲ್ಲೇಶ್ವರದ ಚಾಪೆಯ ಮೇಲಿದೆ. ಈಗ ಸ್ವಗತ ನೋಡಿ. ಅದೇ ಕೈ ಕುರ್ಚಿಯ ಬೆನ್ನನ್ನು ಹಿಡಿದಿದೆ. ‘ನೀನು ಬರುವುದಿಲ್ಲ ಎಂದು ಗೊತ್ತಿತ್ತು’ ಎನ್ನುವ ಜಾಗದಲ್ಲಿ ಹೆಬ್ಬೆರಳು ಒಮ್ಮೆ ಮರವನ್ನು ಸವರಿ ನಿಲ್ಲುತ್ತದೆ. ಅದನ್ನು ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ. ನಟನೆ ಎಂದೇ ಗುರುತು ಹಾಕಿ.

ತಂಗಿ: ತಾಳ ಹಾಕುವುದು ತಪ್ಪೇ ಅಕ್ಕಾ? ಸಂಗೀತ ಅವಳ ಮೈಯೊಳಗೆ ಇಳಿದಿದೆ ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಕೇ?

ನಾನು: ಇಳಿದಿದೆ. ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಸಾಲು ಮುಗಿಯುವ ಕಡೆಯಲ್ಲೆಲ್ಲ ಕೊನೆಯ ಸ್ವರದ ಮೇಲೆ ಸಣ್ಣ ಕಂಪಿತ, ನಮ್ಮ ಸಂಗೀತದ ಆ ಅಲುಗಾಟ, ಬರುತ್ತದೆ, ಕೇಳಿ ನೋಡು. ಇಂಪಾಗಿದೆ. ಆದರೆ ಆ ಜಾಗದಲ್ಲಿ ಪಾತ್ರ ಹಾಡುತ್ತಿಲ್ಲ, ನಿನ್ನ ಶಿಷ್ಯೆ ಹಾಡುತ್ತಿದ್ದಾಳೆ.

ಇದನ್ನು ಬರೆದ ಮೇಲೆ ತಂಗಿ ಎರಡು ಗಂಟೆ ಏನೂ ಬರೆಯಲಿಲ್ಲ. ನಾನು ಇನ್ನೂ ಮೆತ್ತಗೆ ಹೇಳಬಹುದಿತ್ತು. ಮಾತು ನಿಜವೆಂದು ಈಗಲೂ ನಂಬುತ್ತೇನೆ, ಆದರೆ ಹತ್ತು ವರ್ಷ ಕಲಿಸಿದವಳಿಗೆ ಎಲ್ಲರ ಮುಂದೆ ಹಾಗೆ ಹೇಳಬಾರದಿತ್ತು.

ಅತ್ತಿಗೆ: ಎರಡು ಪದವಿಗಳಲ್ಲಿ ಕಲಿಸುವುದೇನು ಎಂದು ಯಾರಾದರೂ ಬಿಡಿಸಿ ಹೇಳಿ. ನನಗೆ ಎರಡೂ ಒಂದೇ ತರಹ ಕಾಣುತ್ತವೆ.

ನಾನು: ಎರಡೂ ಸಾಮಾನ್ಯವಾಗಿ ನಾಲ್ಕು ವರ್ಷದ ಬಿಎಫ್‌ಎ (ಬ್ಯಾಚುಲರ್ ಆಫ್ ಫೈನ್ ಆರ್ಟ್ಸ್) ಪದವಿಗಳು. ಬಿಎ ಆದರೆ ಇತಿಹಾಸ, ಸಾಹಿತ್ಯ ಮೊದಲಾದ ಬೇರೆ ವಿಷಯಗಳಿಗೆ ಹೆಚ್ಚು ಜಾಗ ಇರುತ್ತದೆ. ಬಿಎಫ್‌ಎಯಲ್ಲಿ ದಿನದ ಹೆಚ್ಚಿನ ಹೊತ್ತು ತಾಲೀಮೇ. ನಟನೆಯಲ್ಲಿ ಧ್ವನಿ, ಉಚ್ಚಾರ, ದೇಹಚಲನೆ, ದೃಶ್ಯಾಭ್ಯಾಸ, ಶೇಕ್ಸ್‌ಪಿಯರ್‌ನ ಪದ್ಯವನ್ನು ಬಾಯಲ್ಲಿ ಹಿಡಿಯುವ ಬಗೆ. ಮ್ಯೂಸಿಕಲ್‌ನಲ್ಲಿ ನಟನೆಯ ಜೊತೆಗೆ ಗಾಯನದ ಪಾಠ, ಪಾಶ್ಚಾತ್ಯ ಸಂಗೀತದ ಲಿಪಿ ಮತ್ತು ಶಾಸ್ತ್ರ, ಬ್ಯಾಲೆ, ಜಾಜ್, ಟ್ಯಾಪ್ ನೃತ್ಯ. ಗಂಟೆಗಳು ಹಂಚಿಹೋಗುತ್ತವೆ. ಅದು ಕೀಳು ಎಂದಲ್ಲ. ಮೂರನ್ನೂ ಏಕಕಾಲಕ್ಕೆ ಸಾಧಿಸುವುದು ಬೆನ್ನು ಮುರಿಯುವ ಕೆಲಸ. ಜರಡಿಯ ಹಂತದಲ್ಲೇ ಸಾಮಾನ್ಯವಾಗಿ ನಟನೆಗೆ ಎರಡು ಸ್ವಗತ ಸಾಕು, ಮ್ಯೂಸಿಕಲ್‌ಗೆ ಒಂದೆರಡು ಸ್ವಗತ, ಎರಡು ಹಾಡು, ಮೇಲೆ ನೃತ್ಯ. ಪುಟ್ಟಿ ಈವರೆಗೆ ಬ್ಯಾಲೆಯ ಒಂದು ಹೆಜ್ಜೆಯನ್ನೂ ಇಟ್ಟಿಲ್ಲ. ಆರನೆಯ ವಯಸ್ಸಿನಿಂದ ಕಲಿತವರ ಪಕ್ಕದಲ್ಲಿ ನಿಲ್ಲಬೇಕಾಗುತ್ತದೆ.

ತಮ್ಮ: ಕಲಿಯಲಿಕ್ಕೇ ಹೋಗುವುದಲ್ಲವೇ? ಎಲ್ಲವೂ ಬಂದಿದ್ದರೆ ಕಾಲೇಜು ಏಕೆ?

ನಾನು: ಒಪ್ಪುತ್ತೇನೆ. ಆದರೆ ನೀನು ಹೇಳಿದ ಕೆಲಸದ ಲೆಕ್ಕವನ್ನು ಪೂರ್ತಿ ಮಾಡು. ಪದವಿ ಮುಗಿದ ಮೇಲೆ ವಿದ್ಯಾರ್ಥಿ ವೀಸಾದ ಮೇಲೆ ಅವಳು ಅಲ್ಲಿ ಕೆಲಸ ಮಾಡಲು ಸಿಗುವುದು 12 ತಿಂಗಳು. ವಿಜ್ಞಾನ, ಎಂಜಿನಿಯರಿಂಗ್ ಓದಿದವರಿಗೆ ಇನ್ನೂ 24 ತಿಂಗಳು ಸೇರುತ್ತದೆ, ನಾಟಕ ಓದಿದವರಿಗೆ ಸೇರುವುದಿಲ್ಲ. ಆ ಒಂದು ವರ್ಷದಲ್ಲಿ ಬ್ರಾಡ್‌ವೇ ಬಾಗಿಲು ತೆರೆಯುವುದೆಂದು ನಂಬಿ ಪದವಿ ಆರಿಸಬಾರದು. ಅವಳು ಇಲ್ಲಿಗೆ ಬರುತ್ತಾಳೆ, ರಂಗಶಂಕರದಲ್ಲೋ ಕಲಾಕ್ಷೇತ್ರದಲ್ಲೋ ಹನುಮಂತನಗರದ ಕಲಾಸೌಧದಲ್ಲೋ ನಿಲ್ಲುತ್ತಾಳೆ ಎಂದು ಎಣಿಸಿ ಹೇಳು. ಟ್ಯಾಪ್ ನೃತ್ಯ ಅಲ್ಲಿ ಎಷ್ಟು ದಿನ ಬೇಕಾದೀತು?

ತಮ್ಮ: ವೀಸಾದ ಮಾತು ನಿಜ. ಅದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ತಂಗಿ: ಈಗ ನಾನು ಹೇಳುತ್ತೇನೆ, ಪೂರ್ತಿ ಓದು ಅಕ್ಕಾ. ಇಲ್ಲಿಗೆ ಬಂದು ನಿಲ್ಲುವವಳಿಗೆ ಹಾಡೇ ಬೇಕು. ನಮ್ಮ ರಂಗಭೂಮಿ ಯಾವಾಗ ಬರಿಯ ಮಾತಿನದಾಗಿತ್ತು? ಗುಬ್ಬಿ ಕಂಪನಿಯಲ್ಲಿ ಹಾಡಲು ಬಾರದವನಿಗೆ ದೊಡ್ಡ ಪಾತ್ರ ಸಿಗುತ್ತಿತ್ತೇ? ರಾಜಕುಮಾರ್ ಅವರ ಕಂಠ ತಯಾರಾದದ್ದು ಕಂಪನಿ ನಾಟಕದಲ್ಲಿ. ಬಿ.ವಿ. ಕಾರಂತರು ಹುಡುಗನಾಗಿದ್ದಾಗಲೇ ಗುಬ್ಬಿ ಕಂಪನಿಗೆ ಓಡಿದವರು. ಬಿ. ಜಯಶ್ರೀ ಅವರು ಗುಬ್ಬಿ ವೀರಣ್ಣನವರ ಮೊಮ್ಮಗಳು, ಅವರು ವೇದಿಕೆಯ ಮೇಲೆ ಬಾಯಿ ತೆರೆದರೆ ಮಾತು ಎಲ್ಲಿ ಮುಗಿಯಿತು, ಹಾಡು ಎಲ್ಲಿ ಶುರುವಾಯಿತು ಎಂದು ತಿಳಿಯುವುದಿಲ್ಲ. ಅಂಥ ಪರಂಪರೆಯ ಮಗುವಿಗೆ ನೀನು ಹಾಡಿನ ಪದವಿ ಬೇಡ ಎನ್ನುತ್ತೀಯ.

ನಾನು: ನೀನು ಹೇಳಿದ ಹೆಸರುಗಳನ್ನೇ ಹಿಡಿದುಕೊಳ್ಳುತ್ತೇನೆ. ಕಾರಂತರೂ ಜಯಶ್ರೀ ಅವರೂ ಆಮೇಲೆ ಎಲ್ಲಿಗೆ ಹೋದರು? ದೆಹಲಿಯ ನಾಟಕ ಶಾಲೆಗೆ. ಕಾರಂತರು ಮುಂದೆ ಅದರ ನಿರ್ದೇಶಕರೂ ಆದರು. ಅಲ್ಲಿ ಕಲಿತದ್ದು ಹಾಡನ್ನಲ್ಲ. ಹಾಡನ್ನು ಮನೆಯಿಂದ, ಕಂಪನಿಯಿಂದ ಗಂಟು ಕಟ್ಟಿಕೊಂಡೇ ಹೋಗಿದ್ದರು. ಮನೆಯಲ್ಲಿ ಸಿಗದಿದ್ದುದನ್ನು ಅಲ್ಲಿ ಪಡೆದರು, ಬಂದ ಮೇಲೆ ಎರಡನ್ನೂ ಸೇರಿಸಿದರು. ಪುಟ್ಟಿಗೆ ನೀನು ಕೊಟ್ಟ ಗಂಟು ಇದೆ. ನಿನ್ನ ಹತ್ತಿರ ಕಲಿತದ್ದರ ಮೇಲೆ ಅಲ್ಲಿ ಇನ್ನೊಂದು ಗಂಟಲು ಕಟ್ಟುತ್ತಾರೆ, ಆ ನಾಟಕಗಳಿಗೆ, ಆ ವಾದ್ಯಮೇಳಕ್ಕೆ ಒಗ್ಗುವ ಗಂಟಲು. ನಾವು ಕೊಡಲಾಗದಿರುವುದು ಅದಲ್ಲ. ದಿನವೂ ಗಂಟೆಗಟ್ಟಲೆ ಒಂದೇ ದೃಶ್ಯವನ್ನು ಮುರಿದು ಕಟ್ಟಿಸುವ ನಾಲ್ಕು ವರ್ಷ, ಅದನ್ನು ನಾವು ಕೊಡಲಾರೆವು.

ತಂಗಿ: ನಾಲ್ಕು ವರ್ಷ ಸಾಧಕ ಮಾಡದ ಕಂಠ ಉಳಿಯುತ್ತದೆಯೇ? ಗಂಟಿನಲ್ಲಿ ಕಟ್ಟಿಟ್ಟರೆ ಕೆಡದಿರಲು ಅದು ಹುಣಸೆಹಣ್ಣೇ?

ಈ ಪ್ರಶ್ನೆಗೆ ನನ್ನ ಬಳಿ ಆಗಲೂ ಪೂರ್ತಿ ಉತ್ತರವಿರಲಿಲ್ಲ, ಈಗಲೂ ಇಲ್ಲ.

ನಮ್ಮ ಯಜಮಾನರು: ನಾನು ಹೊನ್ನಾವರದ ಕಡೆಯವನು, ಯಕ್ಷಗಾನ ನೋಡಿ ಬೆಳೆದವನು, ಒಂದು ಮಾತು ಸೇರಿಸುತ್ತೇನೆ. ನಮ್ಮ ಪರಂಪರೆಯಲ್ಲಿ ನಟ ಹಾಡಲೇಬೇಕು ಎಂಬುದು ಪೂರ್ತಿ ಸರಿಯಲ್ಲ. ನಮ್ಮಲ್ಲಿ ಪದ ಹೇಳುವವರು ಭಾಗವತರು, ಅವರು ಹಿಮ್ಮೇಳ. ಕುಣಿಯುವುದು, ಅರ್ಥ ಹೇಳುವುದು ಮುಮ್ಮೇಳದ ವೇಷಧಾರಿಯ ಪಾಲು. ಆತ ಹಾಡುವುದಿಲ್ಲ. ಆದರೆ ಪದದ ಒಂದು ಮಾತ್ರೆ ಕಿವಿ ತಪ್ಪಿದರೂ ಆತನ ಹೆಜ್ಜೆ ತಪ್ಪುತ್ತದೆ. ಹಾಡದ ನಟನಿಗೂ ಸಂಗೀತ ವ್ಯರ್ಥವಾಗುವುದಿಲ್ಲ ಎನ್ನಲು ಹೇಳಿದೆ, ಅಷ್ಟೇ.

ದೊಡ್ಡಣ್ಣ: ಚರ್ಚೆ ಚೆನ್ನಾಗಿದೆ. ಆದರೂ ಕೇಳುತ್ತೇನೆ. ಇದಿಷ್ಟೂ ಇಲ್ಲಿಯೇ ಆಗದೇ? ಹೆಗ್ಗೋಡಿನ ನೀನಾಸಂ ನಾಟಕ ಶಾಲೆ ಇದೆ, ಒಂದು ವರ್ಷವೂ ಹಿಡಿಯುವುದಿಲ್ಲ.

ನಾನು: ದೊಡ್ಡಣ್ಣ, 1991ರಲ್ಲಿ ನನಗೆ ಹೆಗ್ಗೋಡಿನಿಂದ ಸಂದರ್ಶನಕ್ಕೆ ಪತ್ರ ಬಂದಿತ್ತು. ನೀನಾಸಂ ಕಟ್ಟಿದ ಕೆ.ವಿ. ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದ ವರ್ಷ. ಬ್ಯಾಂಕಿನ ಪರೀಕ್ಷೆ ಮುಗಿಸು, ಆಮೇಲೆ ನೋಡೋಣ ಎಂದವರು ನೀವು. ನಿಮ್ಮನ್ನು ದೂರುತ್ತಿಲ್ಲ, ಆಗ ಮನೆಯ ಸ್ಥಿತಿ ಹಾಗಿತ್ತು. ಆದರೆ ‘ಆಮೇಲೆ’ ಬರಲಿಲ್ಲ. ಸಂಜೆ ಆರೂವರೆಗೆ ಬ್ಯಾಂಕಿನಿಂದ ಓಡಿ ಬಂದು ಕಲಾಕ್ಷೇತ್ರದ ಹಿಂದಿನ ಮೆಟ್ಟಿಲ ಮೇಲೆ ತಾಲೀಮು ಮಾಡಿದೆ, ಹತ್ತೊಂಬತ್ತು ವರ್ಷ. ನನ್ನ ಧ್ವನಿ ಕೊನೆಯ ಸಾಲಿಗೆ ಮುಟ್ಟುತ್ತಿತ್ತು. ಕೊನೆಯ ಸಾಲಿಗೆ ಮುಟ್ಟುವಾಗಲೂ ಪಿಸುಮಾತಾಗಿ ಉಳಿಯುವುದು ಹೇಗೆ ಎಂದು ಯಾರೂ ಕಲಿಸಲಿಲ್ಲ. ಅದು ಕಲಿತು ಬರುವ ವಿದ್ಯೆ. ಹೆಗ್ಗೋಡಾದರೂ ಸರಿ, ಅಮೆರಿಕದ ಪಿಟ್ಸ್‌ಬರ್ಗ್ ಆದರೂ ಸರಿ, ಈ ಮಗುವಿಗೆ ‘ಆಮೇಲೆ’ ಎನ್ನಬೇಡಿ.

ದೊಡ್ಡಣ್ಣ ಗುಂಪಿನಲ್ಲಿ ಉತ್ತರಿಸಲಿಲ್ಲ. ಫೋನ್ ಮಾಡಿದರು. ಆ ಮಾತು ನಮ್ಮಿಬ್ಬರದು.

ಅಮ್ಮ (ಅತ್ತಿಗೆ ಬರೆದುಕೊಟ್ಟದ್ದು): ನಾನು ತುಮಕೂರಿನಲ್ಲಿ ಚಿಕ್ಕವಳಿದ್ದಾಗ ಡೇರೆಯಲ್ಲಿ ಕಂಪನಿ ನಾಟಕ ನೋಡಿದ್ದೆ. ಆ ದಿನ ರಾಣಿಯ ವೇಷದವಳಿಗೆ ನೆಗಡಿ. ಪದ ಹೇಳುವ ಜಾಗದಲ್ಲಿ ಗಂಟಲು ಕಟ್ಟಿತು. ಹಾರ್ಮೋನಿಯಂ ಹಾಗೇ ನುಡಿಯುತ್ತಿತ್ತು. ಆಕೆ ಆ ಪದವನ್ನು ಮಾತಿನಲ್ಲಿ ಹೇಳಿಬಿಟ್ಟಳು. ಹಾಡಿದ್ದರೆ ಜನ ಒನ್ಸ್ ಮೋರ್ ಎಂದು ಕೂಗುತ್ತಿದ್ದರು. ಅವತ್ತು ಯಾರೂ ಕೂಗಲಿಲ್ಲ. ನನ್ನ ಪಕ್ಕದಲ್ಲಿದ್ದ ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಪುಟ್ಟಿಯ ಎರಡನೆಯ ವಿಡಿಯೊ ನೋಡಿದಾಗ ಅದು ನೆನಪಾಯಿತು. ಇಂಗ್ಲಿಷ್ ನನಗೆ ತಿಳಿಯಲಿಲ್ಲ.

ಪುಟ್ಟಿ: ಎಲ್ಲರ ಮಾತನ್ನೂ ಎರಡು ಸಲ ಓದಿದೆ. ಕೈ ತಾಳ ಹಾಕುತ್ತಿರುವುದು ನನಗೆ ಗೊತ್ತೇ ಇರಲಿಲ್ಲ, ಅತ್ತೆ ಹೇಳಿದ ಮೇಲೆ ನೋಡಿದೆ. ಒಂದು ವಿಷಯ ಹೇಳಬೇಕು. ಹಾಡುವಾಗ ನಾನು ತಪ್ಪುತ್ತೇನೆಂದು ಹೆದರುತ್ತಿರುತ್ತೇನೆ. ಚಿಕ್ಕತ್ತೆಯ ಎದುರು ಕುಳಿತಂತೆಯೇ ಇರುತ್ತದೆ, ಅದು ನನಗೆ ಇಷ್ಟವೂ ಹೌದು. ಸ್ವಗತದಲ್ಲಿ ತಪ್ಪಿದರೆ ನಾನು ತಪ್ಪಿದೆ ಎನಿಸುವುದಿಲ್ಲ, ಆ ಹುಡುಗಿ ತಡವರಿಸಿದಳು ಎನಿಸುತ್ತದೆ, ಅಲ್ಲಿಂದಲೇ ಮುಂದಕ್ಕೆ ಹೋಗುತ್ತೇನೆ. ನಾಲ್ಕು ಕಾಲೇಜುಗಳಿಗೆ ನಟನೆ ಎಂದು ಹಾಕುತ್ತೇನೆ. ಐದನೆಯದಾದ ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್‌ನಲ್ಲಿ ಎರಡಕ್ಕೂ ಆಡಿಷನ್ ಕೊಡಬಹುದು, ಅಲ್ಲಿ ಎರಡಕ್ಕೂ ಕೊಡುತ್ತೇನೆ. ನೃತ್ಯದಲ್ಲಿ ಬಿದ್ದುಹೋಗಬಹುದು, ಆಗಲಿ. ಚಿಕ್ಕತ್ತೆ, ಹಾಡಿನ ವಿಡಿಯೊ ಮತ್ತೆ ಮಾಡಬೇಕು. ಇನ್ನೂ ಒಂಬತ್ತು ದಿನ ಇದೆ.

ಅಣ್ಣ: ಸರಿ ಮಗಳೇ. ವಿಡಿಯೊಗೆಂದು ಗೋಡೆಗೆ ಕಟ್ಟಿದ್ದ ನೀಲಿ ಹೊದಿಕೆಯನ್ನು ಒಗೆಯಲು ಹಾಕಬೇಡಿ.

ತಂಗಿ: ನಾಳೆ ಬೆಳಿಗ್ಗೆ ಆರಕ್ಕೆ ಬಾ. ತಂಬೂರಿ ಹಾಕುವುದಿಲ್ಲ, ಚಾಪೆಯನ್ನೂ ಹಾಸುವುದಿಲ್ಲ. ಬಾಗಿಲಲ್ಲಿ ನಿಂತು ಮೊದಲು ಹಾಡಿನ ಸಾಲುಗಳನ್ನು ಮಾತಿನಲ್ಲಿ ಹೇಳು, ನಿನ್ನ ಅಜ್ಜಿ ಕಂಡ ರಾಣಿಯ ಹಾಗೆ. ಎರಡು ಕೈಯಲ್ಲೂ ಏನಾದರೂ ಹಿಡಿದುಕೊಂಡಿರು, ಪೆಟ್ಟಿಗೆಯೋ ಚೀಲವೋ. ಆಮೇಲೆ ಶ್ರುತಿ ಅರ್ಧ ಮನೆ ಇಳಿಸಿ ನೋಡೋಣ. ಅಕ್ಕಾ, ನೀನೂ ಬಾ.

ನಾನು: ಬರುತ್ತೇನೆ.