ಜಾಝ್‌ನಲ್ಲಿ ಬೇಸ್ ಡ್ರಮ್ ಯಾಕೆ ಅಷ್ಟು ಕಮ್ಮಿ? ಯಾರು ಈ ಕೆನ್ನಿ ಕ್ಲಾರ್ಕ್?

ಕಡ್ಡಿಪುಟ್ಟ:
ಈಗಷ್ಟೇ ಡ್ರಮ್ಸ್ ಕಲಿಯೋಕೆ ಸೇರಿದೀನಿ. ರಾಕ್‌ಗೆ ಬೇಸ್ ಡ್ರಮ್ಮನ್ನ (ಕಾಲಲ್ಲಿ ಪೆಡಲ್ ಒತ್ತಿ ಬಾರಿಸೋ ದೊಡ್ಡ ಡ್ರಮ್) ಜೋರಾಗಿ ಒದಿ ಅನ್ನೋ ಮೇಷ್ಟ್ರು, ಜಾಝ್ ಬಂದ ತಕ್ಷಣ "ಕಾಲು ಅಡಗಿಸು, ರೈಡ್ (ತಾಳ ಹಿಡಿಯೋ ದೊಡ್ಡ ಸಿಂಬಲ್) ಮೇಲೆ ಕೈ ಓಡಿಸು" ಅಂತ ಬೈತಾರೆ. ಯಾಕೆ ಸಾರ್ ಅಂದ್ರೆ "ಕೆನ್ನಿ ಕ್ಲಾರ್ಕ್ ಕೇಳು" ಅಷ್ಟೇ ಉತ್ತರ. ಎಲ್ಲಿಂದ ಶುರು ಮಾಡ್ಲಿ?

ಆರ್ಕೆಸ್ಟ್ರಾ ಶಿವು:
ಮೇಷ್ಟ್ರು ಸರಿಯಾಗೇ ಹೇಳಿದಾರೆ. ನಾನು ಗಣೇಶನ ಪೆಂಡಾಲ್‌ಗಳಲ್ಲಿ ಬಾರಿಸೋನು, ನಮ್ಮಲ್ಲಿ ಕಾಲು ನಿಂತ್ರೆ ಕುಣಿಯೋರೂ ನಿಂತ್ಬಿಡ್ತಾರೆ. 1930ರ ದಶಕದ ಅಮೆರಿಕದಲ್ಲೂ ಸ್ವಿಂಗ್ (ಆ ಕಾಲದ ಜಾಝ್) ಬ್ಯಾಂಡು ಇದ್ದಿದ್ದೇ ಡ್ಯಾನ್ಸಿಗೆ. ಬಲಗಾಲು ಬಾರ್‌ಗೆ, ಅಂದ್ರೆ ತಾಳದ ಒಂದು ಸುತ್ತಿಗೆ, ನಾಲ್ಕು ಏಟು ಹಾಕ್ಲೇಬೇಕು.

ಕ್ಲಾರ್ಕ್ ಜಾಝ್ ಡ್ರಮ್ಮರ್, ಹುಟ್ಟಿದ್ದು 1914, ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ. ಟೆಡ್ಡಿ ಹಿಲ್ ಬ್ಯಾಂಡಲ್ಲಿದ್ದಾಗ ಹಾಡಿನ ವೇಗ ವಿಪರೀತ ಆದ್ರೆ ನಾಲ್ಕೂ ಏಟು ಹಾಕೋಕೆ ಆಗ್ತಿರಲಿಲ್ಲ. ತಾಳ ಹಿಡಿಯೋ ಕೆಲಸಾನ ರೈಡ್ ಸಿಂಬಲ್‌ಗೆ ಏರಿಸಿದ. ಟಿಂಗ್, ಟಿಂಗ್-ಟಿ-ಟಿಂಗ್ ಅಂತ ಬಲಗೈ ಒಂದೇ ಸಮ ಓಡ್ತಿದ್ರೆ ಎಡಗೈ, ಬಲಗಾಲು ಎರಡಕ್ಕೂ ಬಿಡುವು. ಸೋಲೋ ಊದ್ತಿರೋನು ಉಸಿರೆಳೆಯೋ ಸಂದೀಲಿ ಸ್ನೇರ್ (ಎದುರಿಗಿರೋ ಚಿಕ್ಕ ಡ್ರಮ್) ಮೇಲೊಂದು, ಬೆನ್ನಿಗೇ ಬೇಸ್ ಡ್ರಮ್ ಮೇಲೊಂದು: "ಕ್ಲೂಕ್-ಮಾಪ್". ಅವನ ಅಡ್ಡಹೆಸರು ಕ್ಲೂಕ್ ಆಗಿದ್ದು ಆ ಸದ್ದಿಂದಲೇ.

ಹಿಲ್‌ಗೆ ಇದು ಹಿಡಿಸ್ಲಿಲ್ಲ, ಕೆಲಸದಿಂದ ತೆಗೆದ. ಮಜಾ ನೋಡಿ, ಅದೇ ಹಿಲ್ ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿದ್ದ ಮಿಂಟನ್ಸ್ ಪ್ಲೇಹೌಸ್ ಅನ್ನೋ ಕ್ಲಬ್‌ಗೆ ಮ್ಯಾನೇಜರ್ ಆದ್ಮೇಲೆ ಬ್ಯಾಂಡ್ ಕಟ್ಟೋಕೆ ಕರೆದಿದ್ದು ಇವನನ್ನೇ! ಪಿಯಾನೋಗೆ ಥೆಲೋನಿಯಸ್ ಮಾಂಕ್. ಬೀಬಾಪ್ ಅನ್ನೋ ಹೊಸ ಜಾಝ್ ಶೈಲಿ ಹದಕ್ಕೆ ಬಂದ ಜಾಗಗಳಲ್ಲಿ ಅದು ಮುಖ್ಯವಾದ್ದು. ಮಾಂಕ್, ಟ್ರಂಪೆಟ್ ಊದೋ ಡಿಝಿ ಗಿಲೆಸ್ಪಿಗೆ ಸಿಕ್ಕಷ್ಟು ಹೆಸರು ಇವನಿಗೆ ಸಿಗ್ಲಿಲ್ಲ ಅನ್ನೋದು ನನ್ನ ಹಳೇ ತಕರಾರು.

ಮಾಡರ್ನ್ ಜಾಝ್ ಕ್ವಾರ್ಟೆಟ್‌ನಲ್ಲೂ ಮೊದಲಿಂದ ಇದ್ದ, 1955ರಲ್ಲಿ ಬಿಟ್ಟ. ಮಾರನೇ ವರ್ಷ ಪ್ಯಾರಿಸ್‌ಗೆ ಹೋದೋನು ಅಲ್ಲೇ ನೆಲೆಯಾದ, ತೀರ್ಕೊಂಡಿದ್ದೂ ಫ್ರಾನ್ಸಲ್ಲೇ, 1985ರಲ್ಲಿ.

ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ನ 1954ರ "ವಾಕಿನ್" ಹಾಕ್ಕೊಳಿ, ಡ್ರಮ್ಸ್ ಕ್ಲಾರ್ಕ್‌ದೇ. ಟ್ರಂಪೆಟ್ ಬಿಟ್ಟು ಸಿಂಬಲ್ ಒಂದರ ಹಿಂದೇನೇ ಹೋಗಿ.

ಮಿಶ್ರಚಾಪು:
ಶಿವು ಅವ್ರೇ, ಡ್ರಮ್ಮರ್ ಜೋ ಜೋನ್ಸ್ ಹೆಸರು ಬಿಟ್ರಲ್ಲ! ಕೌಂಟ್ ಬೇಸಿ ಬ್ಯಾಂಡಲ್ಲಿ ಆತ ಮೊದಲೇ ತಾಳಾನ ಹೈ-ಹ್ಯಾಟ್‌ಗೆ (ಕಾಲಲ್ಲಿ ತೆರೆದು ಮುಚ್ಚೋ ಜೋಡಿ ಸಿಂಬಲ್) ತಂದಿದ್ದ. ಕ್ಲಾರ್ಕ್ ಅದನ್ನ ಇನ್ನೂ ಮುಂದಕ್ಕೆ ಒಯ್ದ.
ನಾನು ಮೃದಂಗ ನುಡಿಸೋಳು. ಕಛೇರೀಲಿ ತಾಳ ಹಾಡೋರ ಕೈಯಲ್ಲಿರುತ್ತೆ, ಹಾಗಾಗಿ ನಾವು ಸಂದೀಲಿ ನುಗ್ಗಬಹುದು. ಈತ ಎರಡನ್ನೂ ಒಬ್ಬನೇ ಮಾಡ್ತಿದ್ದ ಅನ್ನೋದೇ ಬೆರಗು.

ಕಡ್ಡಿಪುಟ್ಟ:
ಶಿವಣ್ಣ, ವಾಕಿನ್ ಹಾಕ್ದೆ. ಬೇಸ್ ಡ್ರಮ್ ಇದೆಯೋ ಇಲ್ವೋ ಅಂತ್ಲೇ ಗೊತ್ತಾಗ್ತಿಲ್ಲ.

ಆರ್ಕೆಸ್ಟ್ರಾ ಶಿವು:
ಆ ಕಾಲದೋರು ಕಾಲನ್ನ ಪೂರ್ತಿ ನಿಲ್ಲಿಸ್ತಿರ್ಲಿಲ್ಲ, ಸುಮ್ನೆ ತಾಗಿಸ್ತಿದ್ರು. ಡಬಲ್ ಬೇಸ್ (ದೊಡ್ಡ ತಂತಿವಾದ್ಯ) ಸದ್ದಿನೊಳಗೆ ಅದು ಸೇರಿಹೋಗುತ್ತೆ. ಬೀಟರನ್ನ (ಪೆಡಲ್‌ನ ಬಡಿಯೋ ಕೋಲು) ಚರ್ಮದಿಂದ ಒಂದಿಂಚಿಗಿಂತ ಮೇಲೆತ್ತದೆ ಬಾರಿಸಿ ನೋಡಪ್ಪ. ಜೋರಾಗಿ ಒದ್ದು ಅಭ್ಯಾಸ ಆದ ಕಾಲಿಗೆ ಇದೇ ಜಾಸ್ತಿ ನೋಯುತ್ತೆ.