ಸಿಲಿಂಡರ್ ಇಲ್ಲದೆ ಅಕ್ವೇರಿಯಂನಲ್ಲಿ ಗಿಡ ಬೆಳೆಯುತ್ತಾ?

ಪ್ರಶ್ನೆ (ವಿಜಯಪುರದಿಂದ): ನಮಸ್ಕಾರ ಸರ್. ನಮ್ಮದು ಎರಡು ಅಡಿ ಟ್ಯಾಂಕ್, ಬೋರ್ ನೀರು. ಎಂಟು ಗಪ್ಪಿ ಮೀನು ಇವೆ, ಆರಾಮಾಗಿವೆ. ಗಿಡ ಮಾತ್ರ ಉಳಿಯುತ್ತಿಲ್ಲ. ಕೆಂಪು ಕಬೊಂಬಾ ಹದಿನೈದೇ ದಿನಕ್ಕೆ ಕರಗಿತು. ಜಾವಾ ಫರ್ನ್ ಉಸುಕಿನಲ್ಲಿ ನೆಟ್ಟಿದ್ದೆ, ಬುಡ ಕೊಳೆಯಿತು. ಗಾಜಿಗೆಲ್ಲ ಪಾಚಿ. ಬೆಳಗ್ಗೆ ಏಳಕ್ಕೆ ಲೈಟ್ ಹಾಕಿದರೆ ರಾತ್ರಿ ಹತ್ತಕ್ಕೆ ಆರಿಸುತ್ತೇನೆ. ಅಂಗಡಿಯವರು ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ತಗೊಳ್ಳಿ ಅಂತಾರೆ. ಬೇಕೇ ಬೇಕಾ?

ಉತ್ತರ: ಬೇಡ. ಸಿಲಿಂಡರ್ ಮಾರಿದರೆ ನನಗೂ ನಾಲ್ಕು ದುಡ್ಡು ಸಿಗುತ್ತದೆ, ಆದರೂ ಬೇಡ. ಮೊದಲು ಆ ಲೈಟ್ ಆರಿಸಿ. ಹದಿನೈದು ತಾಸು ಜಾಸ್ತಿಯಾಯಿತು.

ಗಾಳಿಯಿಂದ, ಮೀನಿನ ಉಸಿರಿನಿಂದ, ತಳದ ಕಸ ಕೊಳೆಯುವುದರಿಂದ ನೀರಿಗೆ ಸಿಗುವ ಕಾರ್ಬನ್ ಡೈಆಕ್ಸೈಡ್ ಲೀಟರಿಗೆ ಕೆಲವೇ ಮಿಲಿಗ್ರಾಂ. ಸಿಲಿಂಡರ್ ಇಟ್ಟವರು ಅದನ್ನು 30 ಮಿಲಿಗ್ರಾಂ ಹತ್ತಿರ ಏರಿಸುತ್ತಾರೆ. ನಿಮ್ಮಲ್ಲಿ ಈ ಗ್ಯಾಸ್ ಕಡಿಮೆ, ಬೆಳಕು ಜಾಸ್ತಿ, ಎರಡು ರೊಟ್ಟಿಯ ಹಿಟ್ಟಿಗೆ ಒಲೆ ತುಂಬ ಕಟ್ಟಿಗೆ ಒಟ್ಟಿದ ಹಾಗಾಗಿದೆ. ಗಿಡ ಬಳಸದೆ ಬಿಟ್ಟ ಬೆಳಕನ್ನು ಪಾಚಿ ತಿನ್ನುತ್ತದೆ. ದಿನಕ್ಕೆ ಆರು ತಾಸು ಸಾಕು. ಬೆಳಗ್ಗೆ ಮೂರು, ಸಂಜೆ ಮೂರು ಮಾಡಿದರೆ ಇನ್ನೂ ಒಳ್ಳೆಯದು, ನಡುವೆ ನೀರಿನಲ್ಲಿ ಗ್ಯಾಸ್ ಮತ್ತೆ ಕೂಡುತ್ತದೆ. ಒಂದು ಟೈಮರ್ ಹಾಕಿಬಿಡಿ. ಕಿಟಕಿ ಬಿಸಿಲು ಬೀಳುತ್ತಿದ್ದರೆ ಟ್ಯಾಂಕ್ ಸರಿಸಿ.

ಕಬೊಂಬಾ ಹೋಗಿದ್ದು ನಿಮ್ಮ ತಪ್ಪಲ್ಲ. ಕೆಂಪು ಜಾತಿಗೆ ಮೆತ್ತನೆ ನೀರು, ಜೋರು ಬೆಳಕು, ಗ್ಯಾಸ್ ಎಲ್ಲ ಬೇಕು. ಫರ್ನ್ ಮಾತ್ರ ನೀವೇ ಕೆಡಿಸಿದ್ದು. ಅದರ ದಪ್ಪ ಕಾಂಡ ಉಸುಕಿನಲ್ಲಿ ಹೂತರೆ ಕೊಳೆಯುತ್ತದೆ. ದಾರದಿಂದ ಕಲ್ಲಿಗೆ ಕಟ್ಟಿ. ಅನುಬಿಯಾಸ್ ಗಿಡಕ್ಕೂ ಇದೇ.

ಬೋರ್ ನೀರನ್ನು ಸುಮ್ನೆ ಬೈಯಬೇಡಿ. ವ್ಯಾಲಿಸ್ನೇರಿಯಾ, ಹಾರ್ನ್‌ವರ್ಟ್ ಎರಡೂ ಗಿಡ ಗಡಸು ನೀರಿನಲ್ಲಿರುವ ಬೈಕಾರ್ಬನೇಟ್ ಎಂಬ ಲವಣದಿಂದಲೇ ಇಂಗಾಲ ತೆಗೆದುಕೊಳ್ಳುತ್ತವೆ. ನಿಮ್ಮ ಗಪ್ಪಿಗೂ ಅದೇ ನೀರು ಹಿಡಿಸುತ್ತದೆ. ಮೊದಲ ದಿನವೇ ಒತ್ತೊತ್ತಾಗಿ ನೆಡಿ, ನಾಲ್ಕು ಕಡ್ಡಿ ಊರಿ ಕಾಯಬೇಡಿ.

ಪ್ರಶ್ನೆ (ಬಾಗಲಕೋಟೆಯಿಂದ): ಸರ್, ಉಸುಕಿನ ಕೆಳಗೆ ನಮ್ಮ ಹೊಲದ ಎರೆ ಮಣ್ಣು ಹಾಕಬಹುದಾ?

ಉತ್ತರ: ಎರೆ ಬೇಡ ರೀ. ಒಂದು ಗಿಡ ಕಿತ್ತರೆ ಇಡೀ ಟ್ಯಾಂಕ್ ರಾಡಿ. ಯೂರಿಯಾ ಬಿದ್ದ ಹೊಲವಾದರೆ ಅಮೋನಿಯಾ ಎದ್ದು ಮೀನು ಸಾಯುತ್ತವೆ. ಗೊಬ್ಬರ ಕಾಣದ ಕೆಂಪು ಮಸಾರಿ ಮಣ್ಣು ಜರಡಿ ಹಿಡಿದು ಒಂದು ಇಂಚು ಹಾಕಿ, ಮೇಲೆ ತೊಳೆದ ದಪ್ಪ ಉಸುಕು ಒಂದೂವರೆ ಇಂಚು. ಮೀನು ಬಿಡಲು ಒಂದು ತಿಂಗಳಾದರೂ ತಡೆಯಿರಿ. ಆ ತಿಂಗಳು ವಾರಕ್ಕೆ ಎರಡು ಸಲ ಅರ್ಧ ನೀರು ಬದಲಿಸಿ.

ಪ್ರಶ್ನೆ (ವಿಜಯಪುರದವರೇ): ಲೈಟ್ ಇವತ್ತೇ ಕಡಿಮೆ ಮಾಡಿದೆ ಸರ್. ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ, ನೀರು ದಿನಾ ಇಳಿಯುತ್ತದೆ. ಬೋರ್ ನೀರೇ ಸುರಿಯುತ್ತಿದ್ದೇನೆ. ನಡೆಯುತ್ತಾ?

ಉತ್ತರ: ಅಲ್ಲೇ ಎಡವಟ್ಟು. ಆವಿಯಾಗುವುದು ನೀರು ಮಾತ್ರ, ಉಪ್ಪು ಒಳಗೇ ಉಳಿಯುತ್ತದೆ. ಮೇಲೆ ಮತ್ತೆ ಬೋರ್ ನೀರು ಸುರಿದರೆ ದಿನದಿನಕ್ಕೆ ಗಡಸು ಏರುತ್ತದೆ. ಇಳಿದಷ್ಟನ್ನು ಕುಡಿಯುವ ನೀರಿನ ಫಿಲ್ಟರ್‌ನ ಆರ್‌ಓ ನೀರಿನಿಂದಲೋ ಹಿಡಿದಿಟ್ಟ ಮಳೆ ನೀರಿನಿಂದಲೋ ತುಂಬಿ. ತಿಂಗಳಿಗೆ ಎರಡು ಸಲ ಕಾಲು ಭಾಗ ಬದಲಿಸುವಾಗ ಬೋರ್ ನೀರು ಇರಲಿ. ಮುಚ್ಚಳ ತೆಗೆದು ನೀರಿನ ಮೇಲೆ ಸಣ್ಣ ಫ್ಯಾನ್ ಬಿಡಿ. ನಿಮ್ಮ ಒಣ ಹವೆಗೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಗಪ್ಪಿ ಹಾರುತ್ತವೆ, ಮೇಲೆ ಜಾಳಿಗೆ ಹಾಕಿ. ಐಸ್ ಮಾತ್ರ ಹಾಕಬೇಡಿ. ರಾತ್ರಿ ಏರ್ ಪಂಪ್ ಓಡಲಿ, ಬಿಸಿ ನೀರಿನಲ್ಲಿ ಆಕ್ಸಿಜನ್ ಕಡಿಮೆ, ಕತ್ತಲಲ್ಲಿ ಗಿಡವೂ ಅದನ್ನೇ ಎಳೆಯುತ್ತದೆ.