ಪ್ರಳಯದ ಪರ್ಸೆಂಟೇಜು, ಪಿಪಿಎಫ್ ಕಂತು

ಹಿಪ್ಪುನೇರಳೆ (ಶಿಡ್ಲಘಟ್ಟ):
ನನ್ನ ತಮ್ಮ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿದ್ದಾನೆ. ರಾತ್ರಿ ಎರಡು ಗಂಟೆವರೆಗೂ ಎಐ ಭವಿಷ್ಯದ ಬಗ್ಗೆ ಅಮೆರಿಕದವರ ವಾದಗಳನ್ನು ಓದುತ್ತಾನೆ. ಈ ವರ್ಷದಿಂದ ಪಿಪಿಎಫ್ (ಸರ್ಕಾರದ ಉಳಿತಾಯ ಖಾತೆ) ಕಟ್ಟಲ್ಲ ಅಂದುಬಿಟ್ಟ. 15 ವರ್ಷ ಬೀಗ ಹಾಕಿದ ದುಡ್ಡು, ಅಷ್ಟರಲ್ಲಿ ಒಂದೋ ಮನುಷ್ಯರೇ ಇರಲ್ಲ, ಇಲ್ಲಾ ದುಡ್ಡಿಗೇ ಬೆಲೆ ಇರಲ್ಲ ಅಂತಾನೆ. ಯಾರು ಹೇಳಿದ್ದು ಅಂದರೆ ಎಐ ವಿಜ್ಞಾನಿ ಜೆಫ್ರಿ ಹಿಂಟನ್ ಹೆಸರು ತೆಗೆಯುತ್ತಾನೆ. 2024ರಲ್ಲಿ ಫಿಸಿಕ್ಸ್ ನೊಬೆಲ್ ಪಡೆದವರು. 30 ವರ್ಷದೊಳಗೆ ಎಐನಿಂದ ಮನುಷ್ಯಕುಲವೇ ಅಳಿಯುವ ಸಾಧ್ಯತೆ 10ರಿಂದ 20 ಪರ್ಸೆಂಟ್ ಅಂತ ಅವರೇ ಹೇಳಿದ್ದಾರಂತೆ. ಅಂಥವರ ಮಾತನ್ನು ನಾನು ಹೇಗೆ ತಳ್ಳಿಹಾಕಲಿ? ಈ ಕಡೆ ಅಪ್ಪ ಹೊಸ ರೇಷ್ಮೆ ಹುಳು ಮನೆಗೆ ಸಾಲ ತೆಗೆಯಬೇಕು ಅಂತಿದ್ದಾರೆ. ಜಾಮೀನಿಗೆ ಅವನ ಸಹಿ ಬೇಕು, ಅದನ್ನೂ ಹಾಕುತ್ತಿಲ್ಲ. ತಿಳಿದವರು ಹೇಳಿ. ತಮಾಷೆ ಬೇಡ.

ಬೆಳಗಿನ ಮೆಮು:
ಅಣ್ಣಾ, ನಾನೂ ಅವನ್ನೇ ಓದುವವನು. ದಿನಾ ಚಿಕ್ಕಬಳ್ಳಾಪುರದಿಂದ ರೈಲಲ್ಲಿ ಹೋಗಿಬರುವಾಗ ಬೇರೆ ಕೆಲಸ ಏನಿದೆ? ನಿಮ್ಮ ತಮ್ಮ ಓದುತ್ತಿರುವುದು ಕಾಟಾಚಾರದ ಮಾತಲ್ಲ. ಎಐ ಅಪಾಯದ ಬಗ್ಗೆ ವಾದಿಸುವ ಒಂದು ಗುಂಪೇ ಇದೆ, ಅವರು ಸೇರುವ ಲೆಸ್‌ರಾಂಗ್ ಅನ್ನುವ ವೆಬ್ ತಾಣವನ್ನು ಅಮೆರಿಕದ ಎಲೀಜರ್ ಯುಡ್ಕೋವ್‌ಸ್ಕಿ ಶುರು ಮಾಡಿದ್ದು 2009ರಲ್ಲಿ. ಆಗ ಚಾಟ್‌ಜಿಪಿಟಿ ಕನಸಲ್ಲೂ ಇರಲಿಲ್ಲ. ಯಾವ ನಂಬಿಕೆಯನ್ನೂ ಹೌದು-ಇಲ್ಲ ಅನ್ನದೆ ಪರ್ಸೆಂಟ್‌ನಲ್ಲಿ ಹೇಳು, ಹೊಸ ಪುರಾವೆ ಬಂದರೆ ಅಂಕಿ ಬದಲಿಸು. ಇದು ಅವರ ಅಭ್ಯಾಸ. ಕೋವಿಡ್ ಬಗ್ಗೆ 2020ರ ಫೆಬ್ರವರಿಯಲ್ಲೇ ಅವರಲ್ಲಿ ಹಲವರು ಎಚ್ಚರಿಸಿದ್ದರು, ಮಿಕ್ಕವರು ನಗುತ್ತಿದ್ದಾಗ.

ಆದರೆ ನಿಮ್ಮ ತಮ್ಮ ಅರ್ಧ ಲೆಕ್ಕ ಮಾಡಿದ್ದಾನೆ. 20 ಪರ್ಸೆಂಟ್ ಪ್ರಳಯ ಅಂದರೆ 80 ಪರ್ಸೆಂಟ್ ಪ್ರಳಯ ಇಲ್ಲ ಅಂತ. ಆ 80ರಲ್ಲಿ ಅವನಿಗೆ ಮಂಡಿ ನೋವು ಬರುತ್ತದೆ, ಮಕ್ಕಳ ಫೀಸು ಬರುತ್ತದೆ. ಅವನದೇ ಅಂಕಿ ಇಟ್ಟುಕೊಂಡರೂ ಕಂತು ಕಟ್ಟುವುದೇ ಸರಿ.

ಬೇಸಿನ್ ಭಾಯ್:
ನಾನು ರೀಲರ್, ರೇಷ್ಮೆ ಗೂಡಿನಿಂದ ನೂಲು ಬಿಚ್ಚುವವನು. ಓದಿದ್ದು ಎಸ್ಸೆಸ್ಸೆಲ್ಸಿ. ನಂದೊಂದು ಮಾತು.

ಗೂಡು ಮಾರುಕಟ್ಟೆಯಲ್ಲಿ ಲಾಟ್ ಮುಂದೆ ನಿಂತು ನಾವು ಕೈ ಹಾಕುತ್ತೇವೆ. ತಳದಿಂದ ಒಂದು ಹಿಡಿ ತೆಗೆದು, ಕಿವಿ ಹತ್ತಿರ ಅಲ್ಲಾಡಿಸಿ ಒಳಗಿನ ಹುಳುವಿನ ಸದ್ದು ಕೇಳಿ, ಒಂದೆರಡು ಒತ್ತಿ ನೋಡಿ, ಈ ಲಾಟ್‌ಗೆ ರೆಂಡಿಟಾ ಏಳು ಬರುತ್ತದೆ ಅಂತ ಮನಸ್ಸಲ್ಲೇ ಅಂದಾಜು ಮಾಡುತ್ತೇವೆ. ಅಂದರೆ ಏಳು ಕೆಜಿ ಗೂಡಿಗೆ ಒಂದು ಕೆಜಿ ನೂಲು. ಅದರ ಮೇಲೆ ಬಿಡ್. ನೂಲು ಬಿಚ್ಚಿ ಮುಗಿದ ಮೇಲೆ ತಕ್ಕಡಿ ಹೇಳುತ್ತದೆ. ಏಳೂವರೆ ಬಂದರೆ ಆ ಅರ್ಧ ನನ್ನ ಜೇಬಿಂದ ಹೋಯಿತು. ಹಿಂಗೇ ವರ್ಷಗಟ್ಟಲೆ ಏಟು ತಿಂದು ತಿಂದು ಅಂದಾಜು ಕೂಡಿಬಂದಿರೋದು.

ನಿಮ್ಮ ಹಿಂಟನ್ ಸಾಹೇಬರು 10ರಿಂದ 20 ಅಂದರಲ್ಲ, ಅದನ್ನ ತೂಗಿದ ತಕ್ಕಡಿ ಯಾವುದು? 5 ಯಾಕಲ್ಲ, 50 ಯಾಕಲ್ಲ? ತಪ್ಪಾದರೆ ಅವರ ಜೇಬಿಂದ ಏನು ಹೋಗುತ್ತದೆ?

ಬೆಳಗಿನ ಮೆಮು:
ಭಾಯ್, ಒಳ್ಳೆ ಪ್ರಶ್ನೆ. ಆದರೆ ಒಂದೇ ಸಲ ಆಗುವಂಥದ್ದಕ್ಕೆ ತಕ್ಕಡಿ ಎಲ್ಲಿಂದ ತರೋಣ? ತೂಗಲಾಗಲ್ಲ ಅಂತ ಅಪಾಯವೇ ಇಲ್ಲ ಅನ್ನಬಹುದಾ? ಮನೆಗೆ ಬೆಂಕಿ ಬಿದ್ದು ನೋಡಿದ ಮೇಲೇ ಇನ್ಶೂರೆನ್ಸ್ ಮಾಡಿಸಲ್ಲ ಅಲ್ವಾ. 2023ರ ಮೇನಲ್ಲಿ ಒಂದೇ ವಾಕ್ಯದ ಹೇಳಿಕೆ ಬಂತು: ಎಐನಿಂದ ಮನುಷ್ಯಕುಲ ಅಳಿಯುವ ಅಪಾಯ ತಗ್ಗಿಸುವುದು ಮಹಾಮಾರಿ, ಅಣುಯುದ್ಧಗಳಷ್ಟೇ ಮುಖ್ಯ ಅಂತ. ಹಿಂಟನ್ ಅಷ್ಟೇ ಅಲ್ಲ, ಚಾಟ್‌ಜಿಪಿಟಿ ಮಾಡಿದ ಓಪನ್ಎಐನ ಸ್ಯಾಮ್ ಆಲ್ಟ್‌ಮನ್, ಗೂಗಲ್‌ನ ಎಐ ಕಂಪನಿ ಡೀಪ್‌ಮೈಂಡ್‌ನ ಡೆಮಿಸ್ ಹಸಾಬಿಸ್ ಕೂಡ ಸಹಿ ಹಾಕಿದ್ದಾರೆ. ಮಾಡುತ್ತಿರುವವರೇ ಭಯ ಅಂತಿದ್ದಾರೆ.

ಬೇಸಿನ್ ಭಾಯ್:
ಭಯ ಅಂದಮೇಲೆ ಅಂಗಡಿ ಮುಚ್ಚಬೇಕಿತ್ತು.

ಗೌರಿಬಿದನೂರು ಮೇಷ್ಟ್ರು:
ಭಾಯ್ ಕೇಳಿದ್ದು ನಮ್ಮ ತಾಲ್ಲೂಕಿನ ಪ್ರಶ್ನೆ. ಹೊಸೂರಿನ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದರು. ಹೇಳುವವರು ಎಷ್ಟು ದೊಡ್ಡವರು ಅನ್ನುವುದು ಅವರಿಗೆ ಲೆಕ್ಕಕ್ಕೆ ಬರುತ್ತಿರಲಿಲ್ಲ. ಪರೀಕ್ಷೆಗೆ ಒಡ್ಡುತ್ತೀರಾ, ಇಷ್ಟೇ ಪ್ರಶ್ನೆ. ನೊಬೆಲ್ ಬಂದವರಿಗೂ ಇದೇ ಪ್ರಶ್ನೆ ಕೇಳೋಣ. ಪರ್ಸೆಂಟ್ ಹಾಕಿದ ತಕ್ಷಣ ಊಹೆ ವಿಜ್ಞಾನ ಆಗಿಬಿಡಲ್ಲ.

ಇನ್ನೊಂದು ಕಡೆಯವರೂ ಇದ್ದಾರೆ. 2025ರ ಏಪ್ರಿಲ್‌ನಲ್ಲೇ ಎರಡು ಬರಹ ಬಂದವು. ಒಂದು, ಓಪನ್ಎಐ ಬಿಟ್ಟುಬಂದ ಡ್ಯಾನಿಯಲ್ ಕೊಕೊಟಾಯ್ಲೊ ಮತ್ತು ಗೆಳೆಯರದು. ಎಐ 2027 ಅಂತ. ತಿಂಗಳು ತಿಂಗಳು ಏನಾಗಬಹುದು ಅಂತ ಕಥೆಯ ಹಾಗೆ ಬರೆದು ಎರಡು ಕೊನೆ ಕೊಟ್ಟಿದ್ದಾರೆ, ಒಂದರಲ್ಲಿ ಮನುಷ್ಯರು ಉಳಿಯಲ್ಲ. ಇನ್ನೊಂದು ಪ್ರಿನ್ಸ್‌ಟನ್‌ನ ಅರವಿಂದ್ ನಾರಾಯಣನ್, ಸಯಶ್ ಕಪೂರ್ ಬರೆದದ್ದು. ಎಐ ಕೂಡ ಕರೆಂಟಿನ ಹಾಗೆ ಮಾಮೂಲಿ ತಂತ್ರಜ್ಞಾನವೇ, ಜನಜೀವನದೊಳಗೆ ಇಳಿಯಲು ದಶಕಗಳು ಬೇಕು ಅನ್ನುತ್ತಾರೆ.

ಇದಕ್ಕೆ ಸಾಕ್ಷಿ ಪಕ್ಕದಲ್ಲೇ ಇದೆ. 1902ರಲ್ಲಿ ಶಿವನಸಮುದ್ರದಿಂದ ಕೆಜಿಎಫ್ ಚಿನ್ನದ ಗಣಿಗೆ ಕರೆಂಟ್ ಬಂತು. ಬೆಂಗಳೂರಿನ ಬೀದಿದೀಪಕ್ಕಿಂತ ಮೊದಲೇ! ಆದರೆ ಆ ತಂತಿ ಹಾದುಹೋದ ದಾರಿಯ ಹಳ್ಳಿಗಳಲ್ಲಿ ದಶಕಗಟ್ಟಲೆ ಸೀಮೆಎಣ್ಣೆ ಬುಡ್ಡಿಯೇ ಉರಿಯಿತು.

ಬಾಗೇಪಲ್ಲಿ ಟೀಚರ್:
ಮೇಷ್ಟ್ರೇ, ಕ್ಷಮಿಸಿ, ಕರೆಂಟಿನ ಸಾಕ್ಷಿ ಇಲ್ಲಿ ನಿಲ್ಲಲ್ಲ. ಅದಕ್ಕೆ ಕಂಬ ಬೇಕಿತ್ತು, ತಂತಿ ಬೇಕಿತ್ತು. ಎಐಗೆ ಬೇಕಾದ ಫೋನು ಆಗಲೇ ಎಲ್ಲರ ಕೈಯಲ್ಲಿದೆ. ಚಾಟ್‌ಜಿಪಿಟಿ ಬಂದಿದ್ದು 2022ರ ನವೆಂಬರ್ 30ಕ್ಕೆ. ಈಗ ನಮ್ಮ ಒಂಬತ್ತನೇ ತರಗತಿಯಲ್ಲಿ ಪ್ರಬಂಧ ಬರೆಯಿರಿ ಅಂದರೆ ಎಲ್ಲರದ್ದೂ "ಆಧುನಿಕ ಯುಗದಲ್ಲಿ" ಅಂತಲೇ ಶುರು. ಅಕ್ಷರ ಬೇರೆ, ಪ್ರಬಂಧ ಒಂದೇ. ಕ್ಲಾಸಲ್ಲೇ ಕೂರಿಸಿ, ನಿಮ್ಮ ಮನೆ ಹಸು ಬಗ್ಗೆ ಬರಿ ಅಂದರೆ ನಾಲ್ಕು ಸಾಲಿಗೆ ಪೆನ್ನು ನಿಲ್ಲುತ್ತದೆ. ನೀವೆಲ್ಲ 30 ವರ್ಷದ ಮೇಲಿನ ಪ್ರಳಯ ಅಂತಿದ್ದೀರಿ. ನನಗೆ ಮಾರ್ಚ್ ಪರೀಕ್ಷೆಯೇ ಚಿಂತೆ.

ಟೊಮೆಟೊ ಬಾಕ್ಸ್:
2023ರ ಜುಲೈನಲ್ಲಿ ಕೋಲಾರದಲ್ಲಿ 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿತು. ತಿಂಗಳ ಮುಂಚೆ ಒಬ್ಬನೂ ಹೇಳಲಿಲ್ಲ. 2027 ಹೇಳುತ್ತಾರಂತೆ.

ಹಿಪ್ಪುನೇರಳೆ:
ಭಾಯ್ ಮಾತು ತಮ್ಮನಿಗೆ ಕಳಿಸಿದೆ. "ಸರಿ, ಆದರೆ ಎಐ ಸುಧಾರಿಸುವ ವೇಗ ನೋಡು" ಅಂತ ಉತ್ತರ ಬಂತು. ಅದರಲ್ಲಿ ನಿಜ ಇದೆ. ಹೋದ ವರ್ಷ ನಮ್ಮ ಹುಳು ಎರಡನೇ ಜ್ವರದಲ್ಲಿತ್ತು, ಅಂದರೆ ಎರಡನೇ ಸಲ ಪೊರೆ ಬಿಡುವ ಹೊತ್ತು, ರೋಗ ಅಲ್ಲ. ತಲೆ ಎತ್ತಿಕೊಂಡು ಅಲ್ಲಾಡದೆ ನಿಂತಿದ್ದವು, ಸೊಪ್ಪು ಮುಟ್ಟುತ್ತಿರಲಿಲ್ಲ. ಸುಮ್ನೆ ಫೋಟೊ ತೆಗೆದು ಎಐ ಹತ್ತಿರ ಕೇಳಿದೆ. ರೋಗ ಬಂದಿದೆ, ಹುಳುಗಳನ್ನು ಎಸೆಯಿರಿ ಅಂತು! ಅಪ್ಪ ಬಿದ್ದುಬಿದ್ದು ನಕ್ಕರು. ಈ ಸಲ ಅಂಥದ್ದೇ ಫೋಟೊ ಹಾಕಿದೆ. ಪೊರೆ ಬಿಡುತ್ತಿವೆ, ಸೊಪ್ಪು ಹಾಕಬೇಡಿ, ಹಾಸಿಗೆ ಒಣಗಿಸಿ, ಸುಣ್ಣದ ಪುಡಿ ಉದುರಿಸಿ ಅಂತು. ಅಪ್ಪ ನಗಲಿಲ್ಲ.

ಗೌರಿಬಿದನೂರು ಮೇಷ್ಟ್ರು:
ಫೋಟೊ ನೋಡಿ ಹೇಳುವುದು ಬೇರೆ. ರಾತ್ರಿ ಎದ್ದು ಸೊಪ್ಪು ಹಾಕುವುದು, ಹಣ್ಣಾದ ಹುಳು ಆರಿಸಿ ಚಂದ್ರಿಕೆಗೆ (ಗೂಡು ಕಟ್ಟುವ ತಟ್ಟೆಗೆ) ಬಿಡುವುದು ಬೇರೆ. ಎರಡನೆಯದು ಬರುವವರೆಗೆ ನಿಮ್ಮಪ್ಪನ ಹುಳು ಮನೆ ನಡೆಯುತ್ತದೆ. ಸಾಲದ ಪ್ರಶ್ನೆಗೆ ಗೂಡಿನ ರೇಟು ನೋಡಿ, ಬೋರ್‌ವೆಲ್ ನೀರು ನೋಡಿ. ನಾನಾಗಿದ್ದರೆ ಎಐಗಿಂತ ನೀರಿಗೇ ಜಾಸ್ತಿ ಹೆದರುತ್ತಿದ್ದೆ.

ಬೆಳಗಿನ ಮೆಮು:
ಸಾಲದ ಬಗ್ಗೆ ಮೇಷ್ಟ್ರು ಹೇಳಿದ್ದು ಒಪ್ಪಿದೆ. ಮಿಕ್ಕಿದ್ದು ಒಪ್ಪಲ್ಲ. ಒಂದು ವರ್ಷದಲ್ಲಿ ಇಷ್ಟು ಬದಲಾದದ್ದು ಇನ್ನು ಹತ್ತು ವರ್ಷಕ್ಕೆ ಎಲ್ಲಿರುತ್ತದೆ ಅಂತ ಯೋಚಿಸುವುದು ಜ್ಯೋತಿಷ್ಯ ಅಲ್ಲ.

ಭಾಯ್, ನಿಮಗೆ ತಕ್ಕಡಿ ಬೇಕು ತಾನೆ? ಹಾಗಾದರೆ ಪಂದ್ಯ. ಈ ಗುಂಪಿನವರೂ ಹಾಗೇ ಮಾಡುತ್ತಾರೆ, ಬರೀ ಮಾತಾಡದೆ ಬಾಜಿ ಕಟ್ಟುತ್ತಾರೆ. 2028ರ ಡಿಸೆಂಬರ್ ಒಳಗೆ, ಗೂಡಿಗೆ ಕೈ ಹಾಕದೆ ಬರೀ ಕ್ಯಾಮೆರಾದಲ್ಲಿ ನೋಡಿ ರೆಂಡಿಟಾ ಹೇಳುವ ಆ್ಯಪ್ ಬರುತ್ತದೆ. ನಿಮಗಿಂತ ಹತ್ತಿರ ಹೇಳುತ್ತದೆ. ನಾನು 60 ಪರ್ಸೆಂಟ್ ಅಂತೀನಿ.

ಬೇಸಿನ್ ಭಾಯ್:
ಅರವತ್ತು ಗಿರವತ್ತು ಎಲ್ಲ ಬೇಡ. ಬರುತ್ತೋ ಇಲ್ವೋ? ನಾನು ಇಲ್ಲ ಅಂತೀನಿ. ಸೋತವರು ನಂದಿ ಕಡೆ ದ್ರಾಕ್ಷಿ ಒಂದು ಕ್ರೇಟು. ಹತ್ತು ಲಾಟ್ ಇಡೋಣ, ನೂಲು ನನ್ನ ಬೇಸಿನ್‌ನಲ್ಲೇ ಬಿಚ್ಚೋದು.

ಬೆಳಗಿನ ಮೆಮು:
ನಿಮ್ಮ ಬೇಸಿನ್‌ನಲ್ಲಾ? ಆಗಲ್ಲ ಭಾಯ್. ಬೇರೆಯವರ ಫಿಲೇಚರ್ (ನೂಲು ಬಿಚ್ಚುವ ಘಟಕ) ಆಗಬೇಕು, ತೂಕಕ್ಕೆ ಮೇಷ್ಟ್ರು ನಿಲ್ಲಬೇಕು.

ಗೌರಿಬಿದನೂರು ಮೇಷ್ಟ್ರು:
ನಿಲ್ಲುತ್ತೇನೆ. ಇಬ್ಬರೂ ತಮ್ಮ ಅಂಕಿ ಚೀಟಿಯಲ್ಲಿ ಬರೆದು ಮೊದಲೇ ಕೊಡಬೇಕು. ಆಮೇಲೆ ತಿದ್ದುವ ಹಾಗಿಲ್ಲ.